ಓದುಗರ ಸ್ಪಂದನ: ಮಗ ಐಟಿಐ ಅಂತಾನೆ, ಮನೆಯವರು ಬಿ.ಕಾಂ. ಅಂತಾರೆ

ಸಮಸ್ಯೆ: ಮಗ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಪಿಯುಸಿ ಮುಗಿಸಿ ಬಿ.ಕಾಂ. ಮಾಡಲಿ ಎಂಬುದು ನಮ್ಮವರ ಆಸೆ. ‘ಐಟಿಐ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ?’ ಎಂದು ಅತ್ತೆ ಬೇರೆ ಕೇಳುತ್ತಾರೆ. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಡಿಗ್ರಿಯವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಐಟಿಐಯವರಿಗೆ ಏನೂ ಇಲ್ಲ. ಸರ್ಕಾರವೇ ಹೀಗೆ ಬೆಲೆ ಕಟ್ಟಿದ ಮೇಲೆ ಡಿಗ್ರಿಯೇ ಮೇಲು ಅಲ್ವಾ? ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಮೊದಲು ಮಗನನ್ನು ಕರೆದುಕೊಂಡು ಹತ್ತಿರದ ಐಟಿಐಗೆ ಹೋಗಿಬನ್ನಿ, ಆಮೇಲೆ ತೀರ್ಮಾನ ಮಾಡಿ. ಆಫೀಸಿನಲ್ಲಿ ಕೂತು ಮಾತಾಡಿ ಬರಬೇಡಿ, ಸೀದಾ ವರ್ಕ್‌ಶಾಪಿಗೆ ಹೋಗಿ. ಬೆಂಚಿನ ಮೇಲೆ ಹುಡುಗರು ಬಿಚ್ಚಿಟ್ಟ ಮೋಟಾರ್ ಇದೆಯಾ, ಕಾಯಿಲ್ ಸುತ್ತುತ್ತಿದ್ದಾರಾ, ಇಲ್ಲ ಯಂತ್ರಗಳಿಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾರಾ ನೋಡಿ. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಬ್ರಿಟಾನಿಯಾ ಜಾಯಿಂಟ್ ಅಂತ ಒಂದು ಪಾಠವಿದೆ. ಎರಡು ದಪ್ಪ ತಂತಿಗಳನ್ನು ಅಕ್ಕಪಕ್ಕ ಇಟ್ಟು, ಮೇಲೆ ಸಣ್ಣ ತಂತಿಯನ್ನು ಸಂದಿಲ್ಲದ ಹಾಗೆ ಬಿಗಿಯಾಗಿ ಸುತ್ತಿ ಬೆಸುಗೆ ಹಾಕಬೇಕು. ಸುತ್ತು ಸಡಿಲವಾದರೆ ಜಾಯಿಂಟ್ ಬಿಸಿಯಾಗುತ್ತದೆ. ಈ ಕೆಲಸಕ್ಕೆ ತಾಳ್ಮೆ ಇರುವ ಹುಡುಗ ಯಾರು, ಇಲ್ಲದವನು ಯಾರು ಅನ್ನುವುದು ನನಗೆ ಅಲ್ಲೇ ಗೊತ್ತಾಗುತ್ತಿತ್ತು. ನಿಮ್ಮ ಮಗ ಒಂದು ಗಂಟೆ ನಿಂತು ನೋಡಲಿ. ಮುಖ ಅರಳಿತೋ ಬಾಡಿತೋ ನಿಮಗೇ ಕಾಣುತ್ತದೆ.

ಎರಡನೆಯದು, ಖಾಸಗಿ ಐಟಿಐ ಆದರೆ ಕೇಂದ್ರ ಸರ್ಕಾರದ ಮಾನ್ಯತೆ (ಎನ್‌ಸಿವಿಟಿ ಅನ್ನುತ್ತಾರೆ) ಆ ಟ್ರೇಡಿಗೆ ಇದೆಯಾ ಅಂತ ಕೇಳಿ. ಬೋರ್ಡಿನ ಮೇಲೆ ಬರೆದಿದ್ದರೆ ಸಾಲದು. ಕಾಗದ ತೋರಿಸಿ ಅನ್ನಿ. ಮೂರನೆಯದು, ‘ಐಟಿಐ ಸೇರಿದರೆ ಅಲ್ಲಿಗೇ ಮುಗೀತು’ ಅನ್ನುವ ಮಾತನ್ನು ನಂಬಬೇಡಿ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷ ಸಿಗುತ್ತದೆ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಸಾಕು. ಬರೀ ಬಿ.ಕಾಂ. ಮಾಡಿದವನು ಅದಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ!

2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,600 ಕೋಟಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಿದರು. ಒಳ್ಳೆಯದೇ. ಆದರೆ ಅಷ್ಟು ಬೆಲೆಯ ಯಂತ್ರದ ಮುಂದೆ ನಿಂತು ಕಲಿಸುವ ಖಾಯಂ ಮೇಷ್ಟ್ರು ಇದ್ದಾರಾ? ನಿಮ್ಮೂರಿನ ಐಟಿಐಯಲ್ಲಿ ಇದನ್ನೂ ವಿಚಾರಿಸಿ.
– ನಿವೃತ್ತ ಐಟಿಐ ತರಬೇತಿ ಅಧಿಕಾರಿ, ಹಾಸನ

ಯುವನಿಧಿ ಬಗ್ಗೆ ಒಂದು ಮಾತು. ಅದು ಓದಿಗೆ ಕೊಡುವ ಬಹುಮಾನ ಅಲ್ಲ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಕೊಡುವ ಭತ್ಯೆ. ಅದೂ ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ತಕ್ಷಣ ನಿಲ್ಲುತ್ತದೆ. ಇಲ್ಲಿ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಅದಕ್ಕೆ ಚಾಲನೆ ಕೊಟ್ಟರು. 3,000 ರೂಪಾಯಿ ನೋಡಿ ಡಿಗ್ರಿ ದೊಡ್ಡದು ಅಂದುಕೊಂಡರೆ ಹೇಗೆ? ಡಿಗ್ರಿ ಮಾಡಿದವರೂ ಕೆಲಸವಿಲ್ಲದೆ ಕೂತಿದ್ದಾರೆ ಅಂತಲೇ ತಾನೇ ಈ ಯೋಜನೆ ಬಂದದ್ದು? ಐಟಿಐ ಮಕ್ಕಳನ್ನು ಬಿಟ್ಟಿದ್ದು ಮಾತ್ರ ಸರಿಯಲ್ಲ. ಅವರಿಗೇನು ಹೊಟ್ಟೆ ಇಲ್ವಾ?

ಹೆಣ್ಣು ಕೊಡುವ ವಿಚಾರಕ್ಕೆ ಬಂದರೆ, ನನಗೆ ಇಬ್ಬರು ಹೆಣ್ಣುಮಕ್ಕಳು. ಹುಡುಗನ ಸರ್ಟಿಫಿಕೇಟ್ ನಾನು ಕೇಳುವುದಿಲ್ಲ. ತಿಂಗಳ ಸಂಬಳ ಎಷ್ಟು, ಕುಡಿಯುತ್ತಾನಾ ಅಂತ ಕೇಳುತ್ತೇನೆ.
– ಗೃಹಿಣಿ, ಶಿವಮೊಗ್ಗ

ಎಲ್ಲರೂ ಐಟಿಐ ಅನ್ನುತ್ತಾರೆ ಅಂತ ಗೊತ್ತಿದೆ, ಅದಕ್ಕೇ ಸ್ವಲ್ಪ ಅಡ್ಡ ಮಾತಾಡುತ್ತೇನೆ. ‘ಡಿಗ್ರಿಯಿಂದ ಏನೂ ಪ್ರಯೋಜನವಿಲ್ಲ’ ಎಂದು ವೇದಿಕೆ ಮೇಲೆ ಭಾಷಣ ಮಾಡುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಕೈಕೆಲಸ ಕಲಿಯಿರಿ ಅನ್ನುವ ಬುದ್ಧಿಮಾತು ಯಾವಾಗಲೂ ಬಡವರ ಮಕ್ಕಳಿಗೇ ಬರುತ್ತದೆ. ನನ್ನ ಕ್ಲಾಸಿನಲ್ಲಿ ಮನೆತನಕ್ಕೇ ಮೊದಲ ಡಿಗ್ರಿ ಓದುತ್ತಿರುವ ಹುಡುಗಿಯರಿದ್ದಾರೆ. ಕಾಲೇಜಿಗೆ ಬರುತ್ತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಮೂರು ವರ್ಷ ಅವರ ಮದುವೆ ಮುಂದಕ್ಕೆ ಹೋಗಿದೆ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಯಾವುದಕ್ಕೆ ಅರ್ಜಿ ಹಾಕಬೇಕಾದರೂ ಡಿಗ್ರಿ ಬೇಕೇ ಬೇಕು. ಆ ಬಾಗಿಲನ್ನು ಸುಮ್ನೆ ಮುಚ್ಚಿಕೊಳ್ಳಬೇಡಿ.

ಸರ್ಕಾರವೇ ಡಿಗ್ರಿಗೆ ಬೆಲೆ ಕಟ್ಟಿದೆ ಅಂದಿರಿ. ಅದಕ್ಕೆ ಸರ್ಕಾರ ದುಡ್ಡು ಸುರಿಯುತ್ತದೆ ಅಂದುಕೊಂಡರೆ ಅದನ್ನೂ ನಾನು ಒಪ್ಪುವುದಿಲ್ಲ. ಕೊಪ್ಪಳ, ಹಾವೇರಿ, ಚಾಮರಾಜನಗರದಂಥ ಕಡೆ ಹೊಸ ವಿಶ್ವವಿದ್ಯಾಲಯ ಅಂತ ಬೋರ್ಡ್ ಹಾಕಿದರು. ಜನ ಇಲ್ಲ, ಹಣ ಇಲ್ಲ. 2025ರಲ್ಲಿ ಸಂಪುಟದ ಉಪಸಮಿತಿ ಅಂಥ 9 ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಸರಿ ಅಂದಿತು. ಡಿಗ್ರಿ ನಾಲ್ಕು ವರ್ಷ ಅಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಪಾಠ ಮಾಡುವವರಲ್ಲಿ ನನ್ನಂಥ ಅತಿಥಿ ಉಪನ್ಯಾಸಕರೇ ಜಾಸ್ತಿ. ಕಟ್ಟಡಕ್ಕೆ ಬಂದ ಹಣ ಕ್ಲಾಸಿನ ಒಳಗೆ ಬರುವುದಿಲ್ಲ.

ಆದರೂ, ಹುಡುಗನಿಗೆ ಅಕೌಂಟ್ಸ್ ಕಂಡರೆ ಆಗುವುದಿಲ್ಲ ಅಂದರೆ ಬಿ.ಕಾಂ.ಗೆ ಮಾತ್ರ ದೂಡಬೇಡಿ. ಕೊನೆ ಬೆಂಚಿನಲ್ಲಿ ಮೊಬೈಲ್ ನೋಡುತ್ತಾ ಮೂರು ವರ್ಷ ಕಳೆಯುವವರನ್ನು ದಿನಾ ನೋಡುತ್ತಿದ್ದೇನೆ.
– ಅತಿಥಿ ಉಪನ್ಯಾಸಕಿ, ಕೊಪ್ಪಳ

ಇಲ್ಲಿ ಜರ್ಮನಿಯಲ್ಲಿ ಎಲೆಕ್ಟ್ರಿಷಿಯನ್ ಆಗುವ ಹುಡುಗ ಮೊದಲು ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ವಾರದಲ್ಲಿ ಒಂದೆರಡು ದಿನ ಸರ್ಕಾರಿ ವೃತ್ತಿಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಶಾಲೆಯ ಖರ್ಚು ಸರ್ಕಾರದ್ದು, ತರಬೇತಿಯ ಖರ್ಚು ಮತ್ತು ತಿಂಗಳ ಸಂಬಳ ಕಂಪನಿಯದ್ದು. ಮುಂದೆ ಮೈಸ್ಟರ್ (ಕಸುಬಿನಲ್ಲಿ ಪಳಗಿದವನು) ಪರೀಕ್ಷೆ ಪಾಸಾದರೆ ವಿಶ್ವವಿದ್ಯಾಲಯಕ್ಕೂ ಸೇರಬಹುದು. ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ನಾಲ್ಕನೇ ಕ್ಲಾಸ್ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಬಿಡುತ್ತಾರೆ. ಹತ್ತು ವರ್ಷದ ಮಗುವಿನ ಬಗ್ಗೆ ಅಂಥ ತೀರ್ಮಾನ ನನಗಂತೂ ಹಿಡಿಸಿಲ್ಲ.

ನಮ್ಮಲ್ಲೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅಪ್ರೆಂಟಿಸ್‌ಗೆ, ಅಂದರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವವನಿಗೆ, ಕೊಡುವ ಭತ್ಯೆಯಲ್ಲಿ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೂ ಇದೆ. ಐಟಿಐ ಮುಗಿದ ಮೇಲೆ ಒಳ್ಳೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗುವುದನ್ನು ಬಿಡಬೇಡಿ. ಜಿಟಿಟಿಸಿಯನ್ನೂ ನೋಡಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. ಎಸ್ಸೆಸ್ಸೆಲ್ಸಿ ಆದವರು ಅಲ್ಲಿ ಟೂಲ್ ಅಂಡ್ ಡೈ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಸುವ) ಡಿಪ್ಲೊಮಾ ಮಾಡಬಹುದು. ಈಗ ಬೇರೆ ಊರುಗಳಲ್ಲೂ ಕೇಂದ್ರಗಳಿವೆ.
– ಇಂಜಿನಿಯರ್, ಸ್ಟುಟ್‌ಗಾರ್ಟ್

ನಾನು ವೈರಿಂಗ್ ಕಂಟ್ರಾಕ್ಟರ್. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಮೊದಲ ಎರಡು ಮೂರು ವರ್ಷ ಸಂಬಳ ಕಡಿಮೆ, ಬೈಗುಳ ಜಾಸ್ತಿ. ಸಣ್ಣ ಕಂಟ್ರಾಕ್ಟರ್ ಹತ್ತಿರ ಪಿಎಫ್, ಇಎಸ್‌ಐ ಕೇಳಿದರೆ ನಗುತ್ತಾರೆ. ನಾನೂ ಹಾಗೆ ನಗುವವರ ಕೆಳಗೇ ಕೆಲಸ ಕಲಿತವನು. ಈಗ ನನ್ನ ಹತ್ತಿರ ಹೆಲ್ಪರ್ ಕೆಲಸ ಕೇಳಿಕೊಂಡು ಡಿಗ್ರಿ ಹುಡುಗರೂ ಬರುತ್ತಾರೆ, ಪಾಪ. ಇಪ್ಪತ್ತೆರಡಕ್ಕೆ ಬಂದು ಟೆಸ್ಟರ್ ಹಿಡಿಯುವುದರಿಂದ ಶುರು ಮಾಡಬೇಕು. ನಿಮ್ಮ ಹುಡುಗ ಅಷ್ಟು ಹೊತ್ತಿಗೆ ಪ್ಯಾನೆಲ್ ಬೋರ್ಡ್ ಒಬ್ಬನೇ ಕೂರಿಸುತ್ತಿರುತ್ತಾನೆ. ಬಿ.ಕಾಂ. ಮೇಲೆ ಮನೆಯವರಿಗೆ ಅಷ್ಟೊಂದು ಆಸೆ ಇದ್ದರೆ ಕೆಲಸ ಹಿಡಿದ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ನಿಯಮ ವಿಚಾರಿಸಿ, ದೂರಶಿಕ್ಷಣದಲ್ಲಿ ಓದಿಸಿ. ಒಂದು ಬಿಲ್ ಬರೆಯಲು ಬಂದರೆ ನನ್ನಂಥವನಿಗೂ ಉಪಕಾರ. ಜಿಎಸ್‌ಟಿ ಕಟ್ಟಲು ನಾನು ಬೇರೆಯವರ ಕೈಕಾಲು ಹಿಡಿಯುವುದು ತಪ್ಪುತ್ತದೆ.

ಅರ್ಜಿ ಮಾತ್ರ ಬೇಗ ಹಾಕಿ. ಸರ್ಕಾರಿ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಸೀಟು ಮೊದಲು ಖಾಲಿಯಾಗುತ್ತದೆ.
– ಓದುಗ, ಪೀಣ್ಯ