ಹಳೇ ಪಿಕಪ್ ಇಟ್ಟುಕೊಳ್ಳಲಾ, ಹೊಸ ಮ್ಯಾಕ್ಸ್ ತಗೊಳ್ಳಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮನೆಯಲ್ಲಿರುವುದು 2014ರ ಬೊಲೆರೊ ಪಿಕಪ್. ಅಡಿಕೆ ಚೀಲ ಹೇರಿಕೊಂಡು ಪೆರ್ಲ, ಅಡ್ಕಸ್ಥಳ ದಾಟಿ ಪುತ್ತೂರಿಗೆ ಹೋಗುವುದು, ಬರುವಾಗ ಗೊಬ್ಬರವೋ ಹಿಂಡಿಯೋ ತರುವುದು, ಇಷ್ಟೇ ಅದರ ಕೆಲಸ. ಇಂಜಿನ್ ಗಟ್ಟಿ ಇದೆ, ಆಟಿ ತಿಂಗಳ ಜೋರು ಮಳೆಯಲ್ಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಏನಾದ್ರೂ ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸರಿ ಮಾಡಿ ಕೊಡುತ್ತಾರೆ. ಹಿಂದಿನ ಡೋರಿನ ಹತ್ತಿರ ಮಾತ್ರ ತಳ ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿದೆ. 8 ವರ್ಷ ದಾಟಿದ ಗಾಡಿ ಅಲ್ವಾ, ವರ್ಷ ವರ್ಷ ಫಿಟ್ನೆಸ್ ಟೆಸ್ಟ್ ಬೇರೆ ಮಾಡಿಸಬೇಕು.

ತಮ್ಮನಿಗೆ 2022ರಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಪಿಕಪ್ಪೇ ಆಗಬೇಕಂತೆ. ಡ್ರೈವರ್ ಸೀಟು ಎತ್ತರ ತಗ್ಗು ಮಾಡಬಹುದು, 2 ಟನ್ ಹೇರುವ ಮಾಡೆಲ್ಲೂ ಇದೆ, ನಿಜ. ಆದರೆ ಲೋಡು ಸೇರಿ ಒಟ್ಟು ತೂಕ 3000 ಕೆಜಿ ದಾಟುವ ಗಾಡಿಗೆ ಪರ್ಮಿಟ್ ಬೇಕು, ನಾವೋ ಕೇರಳ-ಕರ್ನಾಟಕ ಗಡಿ ದಾಟುತ್ತಲೇ ಇರುವವರು. ನನಗಂತೂ ತಳ ವೆಲ್ಡಿಂಗ್ ಮಾಡಿಸಿ ಹಳೇದನ್ನೇ ಓಡಿಸುವ ಮನಸ್ಸು.

ಮ್ಯಾಕ್ಸ್ ಇಟ್ಟವರು ದಯವಿಟ್ಟು ಹೇಳಿ: ಲೋಡಿನಲ್ಲಿ ಏರು ಹತ್ತುವಾಗ ಮೈಲೇಜ್ ಎಷ್ಟು ಸಿಗುತ್ತದೆ? ಸೆನ್ಸರ್ ತಕರಾರು ಬಂದರೆ ಹೊರಗೆ ರಿಪೇರಿ ಆಗುತ್ತದಾ, ಶೋರೂಮಿಗೇ ಓಡಬೇಕಾ?