ಹೈಬ್ರಿಡ್ ಇಲಿಯ ಸ್ಪ್ರೆಡ್: ಜೈಗೋಟೀನೋ, ಜೋಡಿ ತಪ್ಪಿದ ಪ್ಯಾಕಿಟೀನೋ?

ಯಶವಂತಪುರ_ಸ್ಲೈಡು:
ಪಿಡಬ್ಲ್ಯೂಡಿ ತಾಯಿ, ಬಿ6 ತಂದೆ (ಬೇರೆ ಬೇರೆ ಉಪಜಾತಿಯ ಎರಡು ಇಲಿ ತಳಿಗಳು). ಎಫ್1 (ಮೊದಲ ತಲೆಮಾರಿನ ಹೈಬ್ರಿಡ್) ಗಂಡು, 9 ವಾರ. ಎಪಿಡಿಡೈಮಿಸ್‌ನಲ್ಲಿ (ವೃಷಣದಿಂದ ಬಂದ ವೀರ್ಯಾಣು ಕೂಡಿಡುವ ನಾಳ) ವೀರ್ಯಾಣು ಒಂದೂ ಇಲ್ಲ. ವೃಷಣದ ಸ್ಪ್ರೆಡ್‌ಗೆ (ಸ್ಲೈಡಿನ ಮೇಲೆ ಹರಡಿದ ಕೋಶಗಳಿಗೆ) ಎಸ್‌ವೈಸಿಪಿ3 (ಕ್ರೋಮೋಸೋಮಿನ ಅಕ್ಷದ ಪ್ರೋಟೀನ್) ಗುರುತಿಸುವ ಪ್ರತಿಕಾಯ ಮಾತ್ರ ಹಾಕಿದ್ದೇನೆ. ಕೆಲವು ಎಳೆ ದಪ್ಪ, ಕೆಲವು ತೆಳು. ಇದು ಜೈಗೋಟೀನ್ (ಮಿಯೋಸಿಸ್‌ನಲ್ಲಿ ಕ್ರೋಮೋಸೋಮುಗಳು ಜೋಡಿಯಾಗುತ್ತಿರುವ ಹಂತ) ಕೊನೆಯೋ, ಜೋಡಿಯೇ ಆಗದ ಪ್ಯಾಕಿಟೀನೋ (ಜೋಡಿ ಮುಗಿದಿರಬೇಕಾದ ಮುಂದಿನ ಹಂತ)? ಅರ್ಧ ಸ್ಲೈಡಿನಲ್ಲಿ ಕೋಶಗಳು ಮುದ್ದೆಮುದ್ದೆ.

ಸೆಂಟ್ರೋಮಿಯರ್:
ಎಸ್‌ವೈಸಿಪಿ3 ಒಂದರಿಂದ ಹೇಳಲಾಗದು. ಹಾರ್ಮ್ಯಾಡ್2 (ಜೋಡಿಯಾಗದ ಅಕ್ಷದ ಗುರುತು) ಮತ್ತು ಗಾಮಾ-ಎಚ್2ಎಎಕ್ಸ್ (ಡಿಎನ್‌ಎ ಕಡಿತದ, ಜೋಡಿಯಾಗದ ಭಾಗದ ಗುರುತು) ಸೇರಿಸಿ. ಜೈಗೋಟೀನ್‌ನಲ್ಲಿ ಬಹುತೇಕ ಎಲ್ಲ ಕ್ರೋಮೋಸೋಮುಗಳೂ ಅರ್ಧಂಬರ್ಧ ಜೋಡಿ, ಗಾಮಾ-ಎಚ್2ಎಎಕ್ಸ್ ಕೋಶಕೇಂದ್ರದ ತುಂಬ ಹರಡಿರುತ್ತದೆ. ಹೈಬ್ರಿಡ್ ಪ್ಯಾಕಿಟೀನ್‌ನಲ್ಲಿ ಬಹಳಷ್ಟು ಜೋಡಿಗಳು ಪೂರ್ತಿ ಮುಗಿದು ದಪ್ಪಗಾಗಿರುತ್ತವೆ. ಉಳಿದ ಕೆಲವು ಮಾತ್ರ ಬಿಡಿಬಿಡಿ, ಅಥವಾ ಬೇರೆಯವುಗಳ ಜೊತೆಗೆ ಸಿಕ್ಕಿಹಾಕಿಕೊಂಡಿರುತ್ತವೆ. ಗಾಮಾ-ಎಚ್2ಎಎಕ್ಸ್ ಮೋಡ ಅವುಗಳ ಮೇಲೂ ಎಕ್ಸ್‌ವೈ ಮೇಲೂ ಕವಿಯುತ್ತದೆ, ಎಷ್ಟೋ ಸಲ ಎರಡೂ ಒಂದಕ್ಕೊಂದು ಬೆರೆತೇ ಇರುತ್ತವೆ. ಎಣಿಸಲು ಕ್ರೆಸ್ಟ್ (ಕ್ರೋಮೋಸೋಮಿನ ಸೆಂಟ್ರೋಮಿಯರ್ ಗುರುತಿಸುವ ಪ್ರತಿಕಾಯ) ಹಾಕಿ: ಎಲ್ಲ ಸರಿಯಿದ್ದರೆ 21 ಚುಕ್ಕಿ (19 ಜೋಡಿ, ಎಕ್ಸ್, ವೈ), ಬಿಡಿಯಾದ ಪ್ರತಿ ಜೋಡಿಗೂ ಒಂದು ಹೆಚ್ಚು. ಎಚ್1ಟಿ (ಪ್ಯಾಕಿಟೀನ್ ಮಧ್ಯದಿಂದ ಕಾಣುವ ಪ್ರೋಟೀನ್) ಬಂದಿರುವ ಕೋಶ ಬಿ6ಗಿಂತ ತೀರಾ ಕಡಿಮೆಯಿದ್ದರೆ, ಕೋಶಗಳು ಪ್ಯಾಕಿಟೀನ್ ಮಧ್ಯಕ್ಕೆ ಮುನ್ನವೇ ಸಾಯುತ್ತಿವೆ ಎಂದರ್ಥ.

ಒದ್ದೆ_ಟಿಶ್ಯೂ:
ಮುದ್ದೆಗೆ ಕಾರಣ ಬೇರೆ. ಹೈಪೋಟಾನಿಕ್ ದ್ರಾವಣದಲ್ಲಿ (ಕೋಶ ಉಬ್ಬಿಸುವ ತೆಳು ದ್ರಾವಣ) ವೃಷಣದ ಟ್ಯೂಬ್ಯೂಲ್ 30–60 ನಿಮಿಷ ಇರಲಿ, ನಂತರ 100 ಮಿಲಿಮೋಲಾರ್ ಸುಕ್ರೋಸ್‌ನಲ್ಲಿ ಬ್ಲೇಡಿನಿಂದ ನುಣ್ಣಗೆ ಅರೆಯಿರಿ. ಹನಿಯಲ್ಲಿ ಕೋಶ ಹೆಚ್ಚಾದರೂ ಒಂದರ ಮೇಲೊಂದು ಬೀಳುತ್ತವೆ. ಸ್ಲೈಡಿನ ಮೇಲೆ ಕೋಶ ಹಿಡಿದಿಡುವ ದ್ರಾವಣ 1% ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್), 0.15% ಟ್ರೈಟಾನ್ (ಡಿಟರ್ಜೆಂಟ್), ಪಿಎಚ್ 9.2, ಅಂದಂದೇ ಮಾಡಿ, ಪಿಎಚ್ ಮೀಟರಿನಲ್ಲೇ ನೋಡಿ, ಏಕೆಂದರೆ ಇಟ್ಟ ದ್ರಾವಣದ ಪಿಎಚ್ ಇಳಿಯುತ್ತದೆ. ನಮ್ಮೂರಿನ ಫೆಬ್ರವರಿ-ಮಾರ್ಚ್ ಒಣಹವೆಯಲ್ಲಿ ಸ್ಲೈಡು ಅಂಚಿನಿಂದ ಒಣಗಿ ಕೋಶಗಳು ಅಲ್ಲಿಗೇ ಗುಂಪುಗೂಡುತ್ತವೆ. ಒದ್ದೆ ಟಿಶ್ಯೂ ಹಾಸಿದ ಟಿಫನ್ ಡಬ್ಬಿಯಲ್ಲಿ ಮುಚ್ಚಳ ಹಾಕಿ 2 ಗಂಟೆ, ಆಮೇಲೆ ಮುಚ್ಚಳ ಸ್ವಲ್ಪ ಸರಿಸಿ ನಿಧಾನವಾಗಿ ಒಣಗಲು ಬಿಡಿ. ಫ್ಯಾನ್ ಬೇಡವೇ ಬೇಡ.

ಯಶವಂತಪುರ_ಸ್ಲೈಡು:
ಧನ್ಯವಾದ. ಆದರೆ ಎಸ್‌ವೈಸಿಪಿ ಪ್ರೋಟೀನುಗಳೆಲ್ಲ ಸರಿಯಿದ್ದೂ ಜೋಡಿ ಏಕೆ ತಪ್ಪುತ್ತದೆ?

ಸೆಂಟ್ರೋಮಿಯರ್:
ತಪ್ಪಿರುವುದು ಡಿಎನ್‌ಎ ಕಡಿತದ ಜಾಗದಲ್ಲಿ (ಆ ಕಡಿತದ ರಿಪೇರಿಯೇ ಕ್ರೋಮೋಸೋಮಿಗೆ ಜೊತೆಗಾರನನ್ನು ಹುಡುಕಿಕೊಡುತ್ತದೆ). ಪಿಆರ್‌ಡಿಎಂ9 (ಕಡಿತದ ಜಾಗ ಆರಿಸುವ ಪ್ರೋಟೀನ್; ಇದರ ಜೀನ್ ಹೈಬ್ರಿಡ್ ಬಂಜೆತನದ್ದೆಂದು 2009ರಲ್ಲಿ ಗೊತ್ತಾಯಿತು) ತಾನು ಕೂರುವ ಜಾಗಗಳನ್ನು ತನ್ನದೇ ಉಪಜಾತಿಯ ಜೀನೋಮಿನಲ್ಲಿ ತಲೆಮಾರುಗಳಿಂದ ಸವೆಸುತ್ತಾ ಬಂದಿದೆ. ಹಾಗಾಗಿ ಹೈಬ್ರಿಡ್‌ನಲ್ಲಿ ಬಿ6 ರೂಪ ಹೆಚ್ಚಾಗಿ ಪಿಡಬ್ಲ್ಯೂಡಿ ಕ್ರೋಮೋಸೋಮಿನ ಮೇಲೆ, ಪಿಡಬ್ಲ್ಯೂಡಿ ರೂಪ ಬಿ6 ಮೇಲೆ ಕೂರುತ್ತದೆ. ಕಡಿತ ಒಂದು ಕಡೆ, ಎದುರಿನ ಜೊತೆಗಾರನಲ್ಲಿ ಅದೇ ಜಾಗ ಖಾಲಿ. ರಿಪೇರಿ ತಡವಾಗುತ್ತದೆ, ಜೋಡಿ ಕೂಡುವುದಿಲ್ಲ. ಕಡಿತಗಳೇ ಕಡಿಮೆ ಇರುವ ಚಿಕ್ಕ ಕ್ರೋಮೋಸೋಮುಗಳು ಮೊದಲು ಸೋಲುತ್ತವೆ. 2016ರಲ್ಲಿ ಬಿ6 ಜೀನಿನ ಝಿಂಕ್ ಫಿಂಗರ್ (ಡಿಎನ್‌ಎ ಹಿಡಿಯುವ) ಭಾಗದ ಬದಲು ಮನುಷ್ಯನದ್ದು ಹಾಕಿದಾಗ ಇದೇ ಹೈಬ್ರಿಡ್ ಗಂಡುಗಳು ಮರಿ ಹಾಕಿಸಿದವು: ಆ ಹೊಸ ಜಾಗಗಳು ಎರಡೂ ಜೀನೋಮಿನಲ್ಲಿ ಸವೆದಿರಲಿಲ್ಲ. ಪಿಡಬ್ಲ್ಯೂಡಿ ಎಕ್ಸ್ ಮೇಲಿನ ಎಚ್‌ಎಸ್‌ಟಿಎಕ್ಸ್2 (ಹೈಬ್ರಿಡ್ ಬಂಜೆತನಕ್ಕೆ ನಂಟಿರುವ ಜೀನ್ ಜಾಗ) ಕೂಡ ಪಾಲುದಾರ. ಅದಕ್ಕೇ ಬಿ6 ತಾಯಿಯ ತಿರುವುಮುರುವು ಎಫ್1ನಲ್ಲಿ ತೊಂದರೆ ಕಡಿಮೆ. ಆ ಗಂಡುಗಳನ್ನೂ ಇದೇ ವಯಸ್ಸಿನಲ್ಲಿ ಪಕ್ಕದಲ್ಲೇ ಇಟ್ಟು ಸ್ಪ್ರೆಡ್ ಮಾಡಿ.