ಸಹಾಯ ಬೇಕು: ಗೇರಿಲ್ಲದ ಸ್ಕೂಟರಿನಲ್ಲಿ ಆಗುಂಬೆ ಘಾಟಿ ಇಳಿಯುವುದು ಹೇಗೆ?

ನಮ್ಮದು ತೀರ್ಥಹಳ್ಳಿ ಕಡೆ. ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತೆ, ಲೈಸೆನ್ಸೂ ಆಯ್ತು. ಹ್ಯಾಂಡಲ್ ಹಿಡಿದರೆ ಈಗಲೂ ಎದೆ ಡವಡವ, ಆದರೆ ಅದರಲ್ಲೇ ಏನೋ ಖುಷಿ! ಈಗ ಘಾಟಿ ಇಳಿದು ಸೋಮೇಶ್ವರಕ್ಕೆ ಹೋಗುವ ಆಸೆ. (ಮಗ "ಸುಮ್ನೆ ಬಸ್ಸಲ್ಲಿ ಹೋಗಮ್ಮ" ಅಂತಾನೆ.)

ಮಳೆ ನಿಲ್ಲಲಿ ಅಂತ ಕಾದೆ. ಮನೆ ಹತ್ತಿರದ ಇಳಿಜಾರಿನಲ್ಲಿ ಅಭ್ಯಾಸವೂ ಮಾಡಿದೆ. ಗೇರಿನ ಬೈಕಾದರೆ ಕೆಳಗಿನ ಗೇರಿಗೆ ಹಾಕಿದರಾಯ್ತು, ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಸ್ಕೂಟರಿಗೆ ಆ ಹಿಡಿತ ಕಡಿಮೆ, ಬ್ರೇಕೇ ಗತಿ. ಹಿಡಿದೇ ಇದ್ದರೆ ಬ್ರೇಕ್ ಬಿಸಿಯಾಗುತ್ತದೆ, ಬಿಟ್ಟರೆ ವೇಗ ಏರುತ್ತದೆ. 14 ಹೇರ್‌ಪಿನ್ ತಿರುವು ಬೇರೆ!

ಘಾಟಿಯಲ್ಲಿ ಸ್ಕೂಟರ್ ಓಡಿಸಿದವರು ಹೇಳಿ: ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ ಬಿಟ್ಟುಬಿಡಬೇಕಾ, ಇಲ್ಲಾ ತಿರುವಿನಲ್ಲೂ ಹಿಂದಿನ ಬ್ರೇಕ್ ಸ್ವಲ್ಪ ಹಿಡಿದೇ ಇರಬೇಕಾ?